‘ವಿಲೀನ’ ಶಬ್ದದ ಅರ್ಥವಿಚಾರ

1

ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಉತ್ತರಪತ್ರಿಕೆಯಲ್ಲಿ, ಕಿತ್ತೂರು ಸಂಸ್ಥಾನವು 1824ರಲ್ಲಿ ಬ್ರಿಟಿಷ್ ರಾಜ್ಯದಲ್ಲಿ ವಿಲೀನವಾಯಿತೆಂದು ಬರೆದಿದ್ದನು. ನಾವು ಆ ವಾಕ್ಯದ ಕೆಳಗೆ ಗೆರೆಯನ್ನೆಳೆದು ಅಂಕಗಳನ್ನು ಕಡಿಮೆ ಮಾಡಿದೆವು. ಆತನು ಪತ್ರಿಕೆಯನ್ನು ಹಿಡಿದುಕೊಂಡು ಬಂದು, “ಜಮಖಂಡಿಯು 1948ರಲ್ಲಿ ವಿಲೀನವಾಯಿತೆಂದು ಬರೆದರೆ ಸರಿ, ಕಿತ್ತೂರು ವಿಲೀನವಾಯಿತೆಂದರೆ ತಪ್ಪು. ಎರಡರಲ್ಲಿಯೂ ಸಂಸ್ಥಾನವು ಇಲ್ಲವಾಯಿತಲ್ಲವೆ?” ಎಂದು ಕೇಳಿದನು. ಪ್ರಶ್ನೆಯು ಸರಳವಾಗಿ ಕಂಡರೂ ನಮಗೆ ಕೂಡಲೇ ತೃಪ್ತಿಕರವಾದ ಉತ್ತರವನ್ನು ಕೊಡಲು ಆಗಲಿಲ್ಲ. ತಪ್ಪೆಂಬುದು ನಮಗೆ ಗೊತ್ತಿತ್ತು. ಏಕೆ ತಪ್ಪೆಂಬುದನ್ನು ನಾವು ವಿಚಾರಿಸಿರಲಿಲ್ಲ.

ಪ್ರಸ್ತುತ ಲೇಖನವು ಆ ವಿಚಾರದ ಫಲವಾಗಿದೆ. ‘ವಿಲೀನ’ವೆಂಬುದು ಮೂಲತಃ ರಾಜ್ಯಶಾಸ್ತ್ರದ ಶಬ್ದವಲ್ಲ, ಗಟ್ಟಿಯಾದ ವಸ್ತುವು ನೀರಾಗುವದನ್ನು ಹೇಳುವ ಶಬ್ದವದು. ಅಡಿಗೆಮನೆಯಲ್ಲಿಯೂ ಯಜ್ಞಶಾಲೆಯಲ್ಲಿಯೂ ಹುಟ್ಟಿ ಬೆಳೆದ ಈ ಶಬ್ದವು ಸರಕಾರದ ದಫ್ತರಕ್ಕೆ ಬಂದುದು ಹೇಗೆ, ಬರುವಾಗ ತನ್ನ ಹಳೆಯ ಅರ್ಥದಲ್ಲಿ ಯಾವ ಭಾಗವನ್ನು ಜೊತೆಗೆ ತಂದಿತು, ಮತ್ತು ಇತಿಹಾಸವನ್ನು ಬರೆಯುವವರು ಇದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ಮೂರು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸಲಾಗುವದು.

2

ಮೊದಲು ಕನ್ನಡದ ಸ್ವಂತ ಶಬ್ದವಾದ ‘ಕರಗು’ ಎಂಬುದನ್ನು ನೋಡುವಾ. ಇದು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಧಾತು. ತೆಲುಗಿನಲ್ಲಿ ‘ಕರಗು’ ಎಂದೂ ತುಳುವಿನಲ್ಲಿ ‘ಕರಗುನಿ’ ಎಂದೂ ತಮಿಳಿನಲ್ಲಿ ‘ಕರೈ’ ಎಂದೂ ಇದರ ರೂಪಗಳಿವೆ. ತಮಿಳಿನ ರೂಪವು ವಿಶೇಷವಾಗಿ ಗಮನಿಸತಕ್ಕದ್ದು. ಅಲ್ಲಿ ನೀರಿನಲ್ಲಿ ಕರಗುವದೆಂಬ ಅರ್ಥದ ಜೊತೆಗೆ, ನೀರಿನ ಹೊಡೆತಕ್ಕೆ ಮಣ್ಣು ಸವೆಯುವದು, ಶರೀರವು ಕೃಶವಾಗುವದು ಎಂಬ ಅರ್ಥಗಳೂ ಸೇರಿಕೊಂಡಿವೆ. ಬರೋ ಮತ್ತು ಎಮಿನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶವು ಈ ರೂಪಗಳನ್ನೆಲ್ಲ ಒಂದೆಡೆಗೆ ತಂದಿದೆ.

ಕನ್ನಡದಲ್ಲಿಯೂ ಇದೇ ಅರ್ಥವಿಸ್ತಾರವುಂಟು. ಬೆಣ್ಣೆ ಕರಗುತ್ತದೆ, ಬೆಲ್ಲ ಕರಗುತ್ತದೆ, ಮೋಡ ಕರಗುತ್ತದೆ; ಅದರಂತೆ ಮೈ ಕರಗುತ್ತದೆ, ಆಸ್ತಿ ಕರಗುತ್ತದೆ, ಮನಸ್ಸೂ ಕರಗುತ್ತದೆ. ಈ ಎಲ್ಲ ಪ್ರಯೋಗಗಳ ತಳದಲ್ಲಿರುವ ಭಾವವು ದ್ರವವಾಗುವದಕ್ಕಿಂತ ಹೆಚ್ಚಾಗಿ ‘ಕ್ರಮೇಣ ಕಡಿಮೆಯಾಗುವದು’ ಎಂಬುದೇ ಆಗಿದೆ. ಮೋಡವು ಕರಗಿತೆಂದಾಗ ಅದು ನೀರಾಗಿ ಬಿದ್ದಿತೆಂದು ನಮ್ಮ ರೈತನು ತಿಳಿಯುವದಿಲ್ಲ. ಇದ್ದುದು ಇಲ್ಲವಾಯಿತೆಂದೇ ತಿಳಿದು ನಿಟ್ಟುಸಿರುಬಿಡುತ್ತಾನೆ.

ಇಲ್ಲಿ ವಿದ್ಯಾರ್ಥಿಗಳಿಗೆ ಎರಡು ಎಚ್ಚರಿಕೆಗಳನ್ನು ಹೇಳುವದು ಅವಶ್ಯ. ಹಾಲು ‘ಕರೆ’ಯುವದಕ್ಕೂ ‘ಕರಗು’ವದಕ್ಕೂ ಸಂಬಂಧವಿರಬಹುದೆಂದು ಮೇಲುನೋಟಕ್ಕೆ ತೋರುತ್ತದೆ, ಎರಡೂ ದ್ರವಕ್ಕೆ ಸಂಬಂಧಪಟ್ಟವುಗಳೇ. ಆದರೆ ಹಳಗನ್ನಡದಲ್ಲಿ ಹಾಲು ಕರೆಯುವ ಕ್ರಿಯೆಯು ಶಕಟರೇಫದಿಂದ ‘ಕಱೆ’ ಎಂದಿರುವದು. ‘ಕರಗು’ ಎಂಬಲ್ಲಿ ಸಾಮಾನ್ಯ ರೇಫವಿದೆ. ಎರಡು ಅಕ್ಷರಗಳೂ ಹೊಸಗನ್ನಡದಲ್ಲಿ ಒಂದೇ ಆದುದರಿಂದ ಈ ಭ್ರಮೆಯು ಹುಟ್ಟುತ್ತದೆ. ಎರಡನೆಯದಾಗಿ, ಬೆಂಗಳೂರಿನ ಪ್ರಸಿದ್ಧ ಉತ್ಸವವಾದ ‘ಕರಗ’ದ ಹೆಸರನ್ನು ಈ ಧಾತುವಿಗೆ ಜೋಡಿಸುವದೂ ಸರಿಯಲ್ಲ. ಅದು ನೀರಿನ ಪಾತ್ರೆಯೆಂಬ ಅರ್ಥದ ಸಂಸ್ಕೃತ ‘ಕರಕ’ ಶಬ್ದದಿಂದ ಬಂದುದು. ಅದೇ ಸಂಸ್ಕೃತದಲ್ಲಿ ‘ಕರಕಾ’ ಎಂದರೆ ಆಲಿಕಲ್ಲು. ಆಲಿಕಲ್ಲು ಕರಗುತ್ತದೆಂಬುದು ನಿಜ. ಆದರೆ ಅಷ್ಟರಿಂದಲೇ ‘ಕರಕಾ’ ಮತ್ತು ‘ಕರಗು’ ಒಂದೇ ಮೂಲದವೆಂದು ಸಿದ್ಧವಾಗುವದಿಲ್ಲ. ಧ್ವನಿಸಾಮ್ಯವು ಪ್ರಶ್ನೆಯನ್ನು ಹುಟ್ಟಿಸಬಲ್ಲುದು, ಉತ್ತರವನ್ನು ಕೊಡಲಾರದು.

3

ಸಂಸ್ಕೃತದಲ್ಲಿ ನೀರಾಗುವಿಕೆಯನ್ನು ಹೇಳಲು ಎರಡು ಮುಖ್ಯ ಧಾತುಗಳಿವೆ. ಒಂದು ‘ದ್ರು’, ಅಂದರೆ ಓಡುವದು. ದ್ರವ, ದ್ರಾವಣ, ದ್ರಾವಕ ಮುಂತಾಗಿ ಇಂದು ವಿಜ್ಞಾನದ ಪುಸ್ತಕಗಳಲ್ಲಿ ಬರುವ ಶಬ್ದಗಳೆಲ್ಲ ಇದರ ಸಂತಾನ. ಇದರ ದೃಷ್ಟಿಯಲ್ಲಿ ನೀರಾಗುವದೆಂದರೆ ನಿಂತದ್ದು ಓಡತೊಡಗುವದು. ಇನ್ನೊಂದು ‘ಲೀ’ ಎಂಬ ಧಾತು. ಇದರ ಮೊದಲ ಅರ್ಥವು ಅಂಟಿಕೊಳ್ಳುವದು, ಆತುಕೊಳ್ಳುವದು. ಪಾಣಿನೀಯ ಧಾತುಪಾಠವು ಇದನ್ನು ನಾಲ್ಕನೆಯ ಮತ್ತು ಒಂಬತ್ತನೆಯ ಗಣಗಳಲ್ಲಿ ‘ಶ್ಲೇಷಣ’ ಎಂಬ ಅರ್ಥದಲ್ಲಿಯೂ ಹತ್ತನೆಯ ಗಣದಲ್ಲಿ ‘ದ್ರವೀಕರಣ’ ಎಂಬ ಅರ್ಥದಲ್ಲಿಯೂ ಹೇಳುತ್ತದೆ. ಅನಿಲವನ್ನು ದ್ರವವಾಗಿಸುವ ಕ್ರಿಯೆಗೆ ಇಂದಿನ ವಿಜ್ಞಾನ ಲೇಖಕರು ಬಳಸುವ ‘ದ್ರವೀಕರಣ’ವು ಹೊಸದಾಗಿ ಟಂಕಿಸಿದ ಶಬ್ದವೆಂದು ತಿಳಿಯುವವರು ಈ ಸಂಗತಿಯನ್ನು ನೆನಪಿಡಬೇಕು.

‘ಲೀ’ ಧಾತುವಿನಿಂದ ಹುಟ್ಟಿದ ಶಬ್ದಗಳು ಕನ್ನಡದಲ್ಲಿ ಹೇರಳವಾಗಿವೆ. ಆತುಕೊಂಡು ಇರುವ ಸ್ಥಳವು ‘ಆಲಯ’, ‘ನಿಲಯ’. ಒಂದರಲ್ಲಿ ಮನಸ್ಸು ಅಂಟಿಕೊಂಡರೆ ‘ತಲ್ಲೀನ’. ಎಲ್ಲವೂ ಕರಗಿಹೋದರೆ ‘ಪ್ರಳಯ’. ಒಂದೇ ಧಾತುವು ಮನೆಯನ್ನೂ ವಿನಾಶವನ್ನೂ ಹೇಳುವದು ಆಶ್ಚರ್ಯವೆನಿಸಬಹುದು. ಆದರೆ ಅಂಟಿಕೊಂಡ ವಸ್ತುವು ಕ್ರಮೇಣ ತಾನು ಅಂಟಿಕೊಂಡ ವಸ್ತುವಿನಲ್ಲಿಯೇ ಅಡಗಿ ಕಾಣದಂತಾಗುತ್ತದೆಂಬ ಅನುಭವವನ್ನು ನೆನೆದರೆ ಈ ಎರಡು ಅರ್ಥಗಳ ನಡುವಿನ ದಾರಿಯು ಸ್ಪಷ್ಟವಾಗುವದು. ಅಮರಕೋಶವು ‘ವಿಲೀನ’, ‘ವಿದ್ರುತ’, ‘ದ್ರುತ’ ಎಂಬ ಮೂರನ್ನು ಪರ್ಯಾಯ ಶಬ್ದಗಳನ್ನಾಗಿ ಒಂದೇ ಕಡೆಗೆ ಇಟ್ಟಿದೆ. ಓಡುವ ಕಲ್ಪನೆಯೂ ಅಂಟಿ ಅಡಗುವ ಕಲ್ಪನೆಯೂ ಅಲ್ಲಿ ಕೂಡಿಕೊಂಡಿವೆ.

ಹಳೆಯ ಗ್ರಂಥಗಳಲ್ಲಿ ‘ವಿಲೀನ’ವು ಮುಖ್ಯವಾಗಿ ಎರಡು ವಸ್ತುಗಳ ಸಂಬಂಧದಲ್ಲಿ ಬರುವದು: ತುಪ್ಪ ಮತ್ತು ಉಪ್ಪು. ನಮ್ಮ ವಿಚಾರಕ್ಕೆ ಇದೇ ಮುಖ್ಯವಾದ ಅಂಶ.

ತುಪ್ಪವನ್ನು ಕರಗಿಸುವ ವಿಷಯದಲ್ಲಿ ಈ ಧಾತುವಿಗೆ ಬರುವ ರೂಪವನ್ನು ಹೇಳುವದಕ್ಕಾಗಿಯೇ ಪಾಣಿನಿಯು ತನ್ನ ಏಳನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ. ವಿಜಯನಗರದ ಆರಂಭದ ಅರಸರ ಆಶ್ರಯದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ವೇದಭಾಷ್ಯಗಳನ್ನು ರಚಿಸಿದ ಸಾಯಣಾಚಾರ್ಯರು ಐತರೇಯ ಬ್ರಾಹ್ಮಣದ ಭಾಷ್ಯದಲ್ಲಿ ಪೂರ್ವಾಚಾರ್ಯರ ಮಾತನ್ನು ಆಧರಿಸಿ, ವಿಲೀನವಾದುದು ಆಜ್ಯ, ಗಟ್ಟಿಯಾದುದು ಘೃತ, ಅರ್ಧ ವಿಲೀನವಾದುದು ಆಯುತ ಎಂದು ಭೇದವನ್ನು ತೋರಿಸಿದ್ದಾರೆ. ಇಲ್ಲಿ ವಸ್ತುವು ಒಂದೇ. ರೂಪವು ಮಾತ್ರ ಬೇರೆ. ಕಾಯಿಸಿದರೆ ನೀರಾಗುತ್ತದೆ, ಆರಿದರೆ ಮತ್ತೆ ಗಟ್ಟಿಯಾಗುತ್ತದೆ.

ಉಪ್ಪಿನ ಮಾತು ಬೇರೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ನೀರಿನಲ್ಲಿ ಉಪ್ಪನ್ನು ಹಾಕಿಡಲು ಹೇಳಿ, ಮರುದಿನ ಅದನ್ನು ತರಲು ಕೇಳುತ್ತಾನೆ. ಮಗನು ತಡಕಿದರೂ ಉಪ್ಪು ಸಿಕ್ಕುವದಿಲ್ಲ, ಅದು ವಿಲೀನವಾಗಿದೆ. ಆದರೆ ಮೇಲಿನ ನೀರನ್ನೂ ನಡುವಿನ ನೀರನ್ನೂ ತಳದ ನೀರನ್ನೂ ಸವಿದು ನೋಡಿದಾಗ ಎಲ್ಲೆಡೆಯೂ ಉಪ್ಪೇ ಇದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಇದೇ ದೃಷ್ಟಾಂತವನ್ನು ಕೊಡುತ್ತ ಇನ್ನೊಂದು ಮಾತನ್ನು ಸೇರಿಸುತ್ತಾನೆ: ನೀರಿಗೆ ಬಿದ್ದ ಉಪ್ಪಿನ ಹರಳನ್ನು ತಿರುಗಿ ಎತ್ತಿಕೊಳ್ಳಲು ಬರುವದಿಲ್ಲ. ಇಲ್ಲಿ ವಸ್ತುಗಳು ಎರಡು. ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಚಿಕ್ಕದರ ಆಕಾರವು ಹೋಗುತ್ತದೆ, ರುಚಿಯು ಉಳಿಯುತ್ತದೆ, ಮರಳುವ ದಾರಿಯು ಮುಚ್ಚುತ್ತದೆ.

ಹೀಗೆ ‘ವಿಲೀನ’ವೆಂಬ ಒಂದೇ ಶಬ್ದದೊಳಗೆ ತುಪ್ಪದ ಕರಗುವಿಕೆ, ಉಪ್ಪಿನ ಕರಗುವಿಕೆ ಎಂಬ ಎರಡು ಭಿನ್ನ ಅರ್ಥಗಳು ಮೊದಲಿನಿಂದಲೂ ಇದ್ದವು. ರಾಜ್ಯಶಾಸ್ತ್ರಕ್ಕೆ ಬಂದಾಗ ಈ ಎರಡೂ ಅದರ ಜೊತೆಗೆ ಬಂದವು.

4

ಇನ್ನು ಇತಿಹಾಸದ ಕಡೆಗೆ ತಿರುಗುವಾ. 1948ಕ್ಕಿಂತ ಮೊದಲಿನ ಧಾರವಾಡ ಜಿಲ್ಲೆಯ ನಕಾಶೆಯನ್ನು ನೋಡದವರಿಗೆ ನಮ್ಮ ಸುತ್ತಲಿನ ಪ್ರದೇಶವು ಎಷ್ಟು ತುಂಡುತುಂಡಾಗಿತ್ತೆಂಬುದರ ಕಲ್ಪನೆಯು ಬರಲಾರದು. ಹುಬ್ಬಳ್ಳಿಯಿಂದ ಕೆಲವೇ ಹರದಾರಿ ದೂರದ ಕುಂದಗೋಳವು ಕೃಷ್ಣಾ ತೀರದ ಕಡೆಗಿದ್ದ ಜಮಖಂಡಿಯ ಪಟವರ್ಧನರಿಗೆ ಸೇರಿತ್ತು. ಶಿರಹಟ್ಟಿಯು ಸಾಂಗಲಿಯದು, ಲಕ್ಷ್ಮೇಶ್ವರವು ಹಿರಿಯ ಮಿರಜಿನದು, ಗುಡಗೇರಿಯು ಕಿರಿಯ ಮಿರಜಿನದು. ಸವಣೂರಿನಲ್ಲಿ ಸುಮಾರು 70 ಚದರ ಮೈಲಿಗಳ ಪ್ರದೇಶದ ಮೇಲೆ ನವಾಬರ ಆಳಿಕೆಯಿತ್ತು. ಉತ್ತರಕ್ಕೆ ರಾಮದುರ್ಗದಲ್ಲಿ ಭಾವೆಯವರು, ಮುಧೋಳದಲ್ಲಿ ಘೋರ್ಪಡೆಯವರು. ಇಂದು ಒಂದೇ ನಗರಸಭೆಯ ಹೆಸರಿನಲ್ಲಿ ಕೂಡಿಕೊಂಡಿರುವ ರಬಕವಿ ಮತ್ತು ಬನಹಟ್ಟಿಗಳಲ್ಲಿ ಮೊದಲನೆಯದು ಸಾಂಗಲಿಗೂ ಎರಡನೆಯದು ಜಮಖಂಡಿಗೂ ಸೇರಿದ್ದವು.

ಈ ತುಂಡುಗಳು ಕಾಲಕಾಲಕ್ಕೆ ದೊಡ್ಡ ರಾಜ್ಯದೊಳಗೆ ಹೋದ ಬಗೆಗಳು ಬೇರೆ ಬೇರೆ. 1817ರಲ್ಲಿ ಬ್ರಿಟಿಷರು ಹಳೆಯ ಹುಬ್ಬಳ್ಳಿಯನ್ನು ಪೇಶವೆಯಿಂದ ವಶಪಡಿಸಿಕೊಂಡರು. 1820ರಲ್ಲಿ ಸಾಂಗಲಿಯ ಪಟವರ್ಧನರು ತಾವು ಕೊಡಬೇಕಾಗಿದ್ದ ಹಣದ ಬದಲಾಗಿ ಹೊಸ ಹುಬ್ಬಳ್ಳಿಯನ್ನೂ ಬೇರೆ 47 ಹಳ್ಳಿಗಳನ್ನೂ ಅವರಿಗೆ ಬಿಟ್ಟುಕೊಟ್ಟರು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿಯು ಒಪ್ಪದೆ ಸಂಸ್ಥಾನವನ್ನು ವಶಪಡಿಸಿಕೊಳ್ಳಲು ಬಂದಾಗ ಯುದ್ಧವಾಯಿತು. ಅಕ್ಟೋಬರದಲ್ಲಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಅಲ್ಲಿ ಹತನಾದನು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1858ರಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯವು ಅಡಗಿದ ಮೇಲೆ ಆ ಸಂಸ್ಥಾನವೂ ಇದೇ ಗತಿಯನ್ನು ಕಂಡಿತು.

ಕಿತ್ತೂರು, ನರಗುಂದಗಳಂಥ ಘಟನೆಗಳನ್ನು ಹೇಳಲು ನಮ್ಮ ಭಾಗದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ರೂಢವಾಗಿದ್ದ ಶಬ್ದವು ‘ಖಾಲಸಾ’ ಎಂಬುದು. ಇದು ಅರಬ್ಬಿಯ ‘ಖಾಲಿಸ’ ಶಬ್ದದಿಂದ ಬಂದುದು. ಶುದ್ಧವಾದುದು, ಬೆರಕೆಯಿಲ್ಲದುದು ಎಂದು ಅದರ ಅರ್ಥ. ಮೊಗಲರ ಆಡಳಿತದಲ್ಲಿ ಜಾಗೀರದಾರರ ನಡುಗೈಯಿಲ್ಲದೆ ನೇರವಾಗಿ ಬಾದಶಹನ ಖಜಾನೆಗೆ ಹುಟ್ಟುವಳಿಯನ್ನು ಕೊಡುವ ಭೂಮಿಗೆ ಈ ಹೆಸರಿತ್ತು. ಸಂಸ್ಥಾನವು ಖಾಲಸಾ ಆಯಿತೆಂದರೆ, ನಡುವಿದ್ದ ಒಡೆಯನನ್ನು ತೆಗೆದುಹಾಕಿ ಭೂಮಿಯನ್ನು ಸರಕಾರದ ಮಟ್ಟಿಗೆ ‘ಶುದ್ಧ’ ಮಾಡಲಾಯಿತೆಂದು ತಾತ್ಪರ್ಯ.

ಓದುಗರು ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಶಬ್ದವು ‘ಬೆರಕೆಯಿಲ್ಲದಂತೆ ಮಾಡುವದು’ ಎಂದು ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಶಬ್ದವು ‘ಕರಗಿ ಬೆರೆಯುವದು’ ಎಂದು ಹೇಳುತ್ತದೆ. ಎರಡರಲ್ಲಿಯೂ ಸಂಸ್ಥಾನವು ಇಲ್ಲವಾಯಿತೆಂಬುದು ನಿಜ. ಆದರೆ ಒಂದರಲ್ಲಿ ಒಡೆಯನನ್ನು ಹೊರಗೆ ಹಾಕಲಾಯಿತು. ಇನ್ನೊಂದರಲ್ಲಿ ಒಡೆಯನು ಕರಾರಿನ ಕಾಗದಕ್ಕೆ ಸಹಿ ಹಾಕಿದನು. ಕಿತ್ತೂರಿಗೆ ‘ವಿಲೀನ’ವೆಂಬ ಶಬ್ದವನ್ನು ಅನ್ವಯಿಸಿದರೆ ಕಾಳಗವೂ ಸೆರೆಮನೆಯೂ ಆ ಶಬ್ದದೊಳಗೇ ಕರಗಿ ಕಾಣದಂತಾಗುವವು. ನಮ್ಮ ವಿದ್ಯಾರ್ಥಿಯ ತಪ್ಪು ಇದೇ ಆಗಿತ್ತು.

5

1947ರ ಆಗಸ್ಟ್ 15ರ ಹೊತ್ತಿಗೆ ಸಂಸ್ಥಾನಿಕರಲ್ಲಿ ಹೆಚ್ಚಿನವರು ಸಹಿ ಮಾಡಿದ್ದು ಸೇರ್ಪಡೆಯ ಪತ್ರಕ್ಕೆ. ಅದರಿಂದ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಸಾಧನಗಳು ಎಂಬ ಮೂರು ವಿಷಯಗಳು ಮಾತ್ರ ಭಾರತ ಸರಕಾರಕ್ಕೆ ಬಂದವು. ಉಳಿದ ಅಧಿಕಾರವು ಸಂಸ್ಥಾನಿಕನಲ್ಲಿಯೇ ಉಳಿಯಿತು. ‘ಸೇರು’ವದಕ್ಕೂ ‘ವಿಲೀನ’ವಾಗುವದಕ್ಕೂ ಇರುವ ವ್ಯತ್ಯಾಸವು ಇಲ್ಲಿ ಸ್ಪಷ್ಟವಾಗಿದೆ. ಸೇರಿದ ವಸ್ತುವು ತನ್ನ ಆಕಾರವನ್ನು ಕಳೆದುಕೊಳ್ಳುವದಿಲ್ಲ.

ವಿಲೀನದ ಕರಾರುಗಳು ಅನಂತರ ಬಂದವು. ಸರದಾರ ವಲ್ಲಭಭಾಯಿ ಪಟೇಲರೂ ಅವರ ಕಾರ್ಯದರ್ಶಿಗಳಾದ ವಿ. ಪಿ. ಮೆನನ್ನರೂ 1947ರ ಡಿಸೆಂಬರದಲ್ಲಿ ಒರಿಸ್ಸಾ, ಛತ್ತೀಸಗಡಗಳ ಸಂಸ್ಥಾನಗಳಿಂದ ಇದನ್ನು ಆರಂಭಿಸಿದರು. ನಮ್ಮ ಭಾಗದ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಾಂಗಲಿ, ಮಿರಜ, ಕುರುಂದವಾಡ, ಜತ್ತ, ಅಕ್ಕಲಕೋಟೆ ಮುಂತಾದ ದಖ್ಖಣದ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತಕ್ಕೆ ಕೂಡಿಕೊಂಡವು. ಕೊಲ್ಹಾಪುರವು 1949ರ ಮಾರ್ಚ್ 1ರಂದು ಅದೇ ಪ್ರಾಂತಕ್ಕೂ, ಸಂಡೂರು ಅದೇ ವರ್ಷ ಮದ್ರಾಸ ಪ್ರಾಂತಕ್ಕೂ ಸೇರಿದವು. ಭಾರತ ಸರಕಾರದ ಶ್ವೇತಪತ್ರದ ಪ್ರಕಾರ ಹೀಗೆ ಪ್ರಾಂತಗಳಲ್ಲಿ ವಿಲೀನವಾದ ಸಂಸ್ಥಾನಗಳು 216. ಇವಲ್ಲದೆ 61 ಸಂಸ್ಥಾನಗಳು ಕೇಂದ್ರದ ಆಡಳಿತಕ್ಕೆ ಬಂದವು. 275 ಸಂಸ್ಥಾನಗಳು ಪರಸ್ಪರ ಕೂಡಿ ಒಕ್ಕೂಟಗಳಾದವು.

ಈ ಕರಾರಿಗೆ ಇಂಗ್ಲಿಷಿನಲ್ಲಿದ್ದ ಹೆಸರು ‘ಮರ್ಜರ್’. ಅದರ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೆ ಅದ್ದುವದು, ಮುಳುಗಿಸುವದು ಎಂದು ಅರ್ಥ. ಅಕ್ಷರಶಃ ಭಾಷಾಂತರಿಸಿದ್ದರೆ ‘ನಿಮಜ್ಜನ’ವೆಂದಾಗಬೇಕಿತ್ತು. ಮುಳುಗುವದರಲ್ಲಿ ನಾಶದ ಧ್ವನಿಯಿದೆ. ವಿಲೀನದಲ್ಲಿ ಉಪನಿಷತ್ತಿನ ಸಂಸ್ಕಾರದಿಂದ ಬಂದ ಗೌರವವಿದೆ. ಹಿಂದಿ, ಮರಾಠಿ, ಕನ್ನಡ ಮೂರರಲ್ಲಿಯೂ ಇದೇ ಶಬ್ದವು ನೆಲೆಗೊಂಡುದಕ್ಕೆ ಈ ಗೌರವವೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಕನ್ನಡದ ‘ಕರಗು’ ಶಬ್ದವನ್ನು ಇಲ್ಲಿ ಬಳಸಲು ಸಾಧ್ಯವಿರಲಿಲ್ಲ. ಸಂಸ್ಥಾನವು ಕರಗಿತೆಂದರೆ ಅದರ ಬೊಕ್ಕಸವು ಬರಿದಾಯಿತೆಂದೇ ಜನರು ತಿಳಿಯುತ್ತಿದ್ದರು. ಇಂದಿಗೂ ಈ ಭೇದವು ಜೀವಂತವಾಗಿದೆ. 2025ರ ಮೇ 1ರಂದು ಧಾರವಾಡದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಒಂದಾದಾಗ ಅದು ‘ವಿಲೀನ’ವೆನಿಸಿತು. ಬ್ಯಾಂಕು ‘ಕರಗಿತು’ ಎಂದು ಯಾರಾದರೂ ಬರೆದಿದ್ದರೆ ಠೇವಣಿದಾರರು ಮರುದಿನವೇ ಬಾಗಿಲಿನಲ್ಲಿ ನೆರೆಯುತ್ತಿದ್ದರು.

6

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರುವಾ. 1948ರಲ್ಲಿ ನಡೆದುದು ತುಪ್ಪದ ವಿಲೀನವೋ, ಉಪ್ಪಿನ ವಿಲೀನವೋ?

ಆಡಳಿತದ ಆಕಾರವನ್ನು ನೋಡಿದರೆ ಅದು ತುಪ್ಪದಂತೆ ವರ್ತಿಸಿದೆ. ಕರಗಿದ ಸಂಸ್ಥಾನಗಳು ಆರಿದ ಮೇಲೆ ಮತ್ತೆ ಗಟ್ಟಿಯಾದವು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಶಿರಹಟ್ಟಿ, ಕುಂದಗೋಳ ಎಂಬ ಹೆಸರುಗಳು ತಾಲೂಕುಗಳ ಹೆಸರುಗಳಾಗಿ ಉಳಿದುಕೊಂಡವು. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ ಜಿಲ್ಲೆಗಳಾದಾಗ ಅವುಗಳಲ್ಲಿ ಕೆಲವು ಹೊಸ ಪಾತ್ರೆಗೆ ಹೋದವು, ಆದರೆ ಹೆಸರು ಕೆಡಲಿಲ್ಲ. ಸಾಯಣರು ಹೇಳಿದ ಅರ್ಧ ವಿಲೀನದ ಅವಸ್ಥೆಯೂ ಇಲ್ಲಿ ಕಂಡುಬರುತ್ತದೆ. 1948ರ ಮಾರ್ಚಿನಲ್ಲಿ ಆಡಳಿತವು ಮುಂಬಯಿ ಸರಕಾರದ ಕೈಗೆ ಬಂದರೂ, ಕಾನೂನಿನ ದೃಷ್ಟಿಯಲ್ಲಿ ಈ ಪ್ರದೇಶಗಳು ಪ್ರಾಂತದ ಪೂರ್ಣ ಅಂಗಗಳಾದುದು 1949ರ ಜುಲೈ ತಿಂಗಳಿನಲ್ಲಿ ಹೊರಟ ಸಂಸ್ಥಾನಗಳ ವಿಲೀನದ ಆಜ್ಞೆಯಿಂದ. ನಡುವಿನ ಹದಿನಾರು ತಿಂಗಳಿಗಿಂತ ಹೆಚ್ಚಿನ ಕಾಲ ಅವು ಇತ್ತ ಘೃತವೂ ಅಲ್ಲ, ಅತ್ತ ಆಜ್ಯವೂ ಅಲ್ಲ.

ಅಧಿಕಾರವನ್ನು ನೋಡಿದರೆ ಅದು ಉಪ್ಪು. ಯಾಜ್ಞವಲ್ಕ್ಯನು ಹೇಳಿದಂತೆ ಅದನ್ನು ತಿರುಗಿ ಎತ್ತಿಕೊಳ್ಳುವ ದಾರಿಯಿಲ್ಲ. ಕರಾರಿನಲ್ಲಿ ಸಂಸ್ಥಾನಿಕರಿಗೆ ವರ್ಷಾಶನವೂ ಬಿರುದುಬಾವಲಿಗಳೂ ಉಳಿದಿದ್ದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಅವೂ ಹೋದವು. ಆದರೆ ರುಚಿಯು ಮಾತ್ರ ಉಳಿಯಿತು. ವಿಲೀನವಾಗಿ ಏಳು ವರ್ಷಗಳಾದ ಮೇಲೆಯೂ ಮುಂಬಯಿ ಶಾಸನಸಭೆಯು 1955ರಲ್ಲಿ ಇನಾಮುಗಳಂಥ ಹಕ್ಕುಗಳನ್ನು ರದ್ದುಪಡಿಸಲು ‘ವಿಲೀನ ಪ್ರದೇಶಗಳ’ ಹೆಸರಿನಲ್ಲಿಯೇ ಪ್ರತ್ಯೇಕ ಅಧಿನಿಯಮವನ್ನು ಮಾಡಬೇಕಾಯಿತು. ಒಂದೊಂದು ಸಂಸ್ಥಾನದಲ್ಲಿ ಭೂಮಿಯ ಹಕ್ಕುಗಳು ಒಂದೊಂದು ತೆರನಾಗಿದ್ದುದೇ ಇದಕ್ಕೆ ಕಾರಣ. ಉಪ್ಪು ಕಾಣದಿದ್ದರೂ ಕಾನೂನಿನ ನಾಲಿಗೆಗೆ ತಾಕುತ್ತಿತ್ತು.

ಉಪ್ಪಿಗೆ ಇನ್ನೂ ಒಂದು ಲಕ್ಷಣವುಂಟು: ಅದು ತಾನು ಬೀಳುವ ಪಾತ್ರೆಯನ್ನು ಆರಿಸಿಕೊಳ್ಳಲಾರದು. ಜಮಖಂಡಿಯೂ ಜತ್ತವೂ ಒಂದೇ ದಿನ ಒಂದೇ ಪ್ರಾಂತದಲ್ಲಿ ಕರಗಿದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಮಖಂಡಿಯು ಕನ್ನಡನಾಡಿಗೆ ಬಂದಿತು. ಕನ್ನಡ ಮಾತನಾಡುವ ಹಳ್ಳಿಗಳುಳ್ಳ ಜತ್ತ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದು ಮುಂದೆ 1960ರಲ್ಲಿ ಮಹಾರಾಷ್ಟ್ರದ ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳ ಭಾಗಗಳಾದವು. ಕರಾರಿಗೆ ಸಹಿ ಮಾಡಿದವರು ಸಂಸ್ಥಾನಿಕರು. ಪ್ರಜೆಗಳ ಸಹಿಯು ಅದರಲ್ಲಿರಲಿಲ್ಲ. ಪ್ರಜೆಗಳು ವಿಲೀನವನ್ನು ಬಯಸಿರಲಿಲ್ಲವೆಂದು ಇದರ ಅರ್ಥವಲ್ಲ. 1939ರಲ್ಲಿ ರಾಮದುರ್ಗದಲ್ಲಿ ರಕ್ತಪಾತದಲ್ಲಿ ಮುಗಿದ ಪ್ರಜಾಚಳವಳಿಯನ್ನು ಬಲ್ಲವರು ಹಾಗೆ ಹೇಳಲಾರರು. ಆದರೆ ‘ವಿಲೀನ’ವೆಂಬ ಕೃದಂತವು ಕರ್ತೃವನ್ನು ಹೇಳುವದಿಲ್ಲ. ಯಾರು ಕರಗಿಸಿದರು, ಯಾರು ಕೇಳಿಕೊಂಡರು, ಯಾರನ್ನು ಕೇಳಲಿಲ್ಲವೆಂಬ ಪ್ರಶ್ನೆಗಳಿಗೆ ಆ ಶಬ್ದದಲ್ಲಿ ಸ್ಥಳವಿಲ್ಲ. ಇತಿಹಾಸಕಾರನು ಅದನ್ನು ಹೊರಗಿನಿಂದ ತಂದು ಸೇರಿಸಬೇಕಾಗುವದು.

7

‘ವಿಲೀನ’ದ ಅರ್ಥವು ಇಷ್ಟು ಸ್ಪಷ್ಟವಾದ ಮೇಲೆ ಅದರ ನೆರೆಯ ಶಬ್ದವಾದ ‘ಏಕೀಕರಣ’ದ ಮಹತ್ವವು ತಾನಾಗಿಯೇ ತಿಳಿಯುವದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದಂದಿನಿಂದ ಬೆಳೆದ ಚಳವಳಿಗೆ ವಿಲೀನವೆಂಬ ಹೆಸರು ನಿಲ್ಲಲಿಲ್ಲ. ಆಲೂರು ವೆಂಕಟರಾಯರ ಪೀಳಿಗೆಯು ಕೇಳಿದ್ದು ಒಂದಾಗುವದನ್ನು. ಒಂದು ಭಾಗವು ಇನ್ನೊಂದರಲ್ಲಿ ಕರಗುವದನ್ನಲ್ಲ. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತದ್ದೂ ಏಕೀಕರಣಕ್ಕಾಗಿಯೇ. 1956ರ ಪುನರ್ವಿಂಗಡಣೆಯ ಅಧಿನಿಯಮವು ಹಳೆಯ ಮೈಸೂರಿಗೆ ಬೇರೆ ಜಿಲ್ಲೆಗಳನ್ನು ಸೇರಿಸಲಾಯಿತೆಂದು ಹೇಳದೆ, ಮೈಸೂರೆಂಬ ಹೆಸರಿನ ಹೊಸದೊಂದು ರಾಜ್ಯವು ರಚಿತವಾಗುವದೆಂದು ಹೇಳಿತು. ಹೊಸ ರಾಜ್ಯಕ್ಕೆ ಹಳೆಯ ಹೆಸರಿದ್ದುದರಿಂದ ಈ ಭಾಗದವರಲ್ಲಿ ಅನೇಕರಿಗೆ ತಾವು ಕೂಡಿದೆವೋ ಕರಗಿದೆವೋ ಎಂಬ ಸಂಶಯವು ಹುಟ್ಟಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಆ ಸಂಶಯಕ್ಕೆ ಉತ್ತರವು ದೊರೆಯಿತೆನ್ನಬಹುದು.

ನಮ್ಮ ಊರುಗಳ ಉದಾಹರಣೆಯೇ ಕಣ್ಣ ಮುಂದಿದೆ. ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಅಡಿಯಲ್ಲಿ ಬಂದವು. ಆದರೆ ಎರಡೂ ಹೆಸರುಗಳು ಉಳಿದವು. ನಡುವೆ ಒಂದು ಚಿಕ್ಕ ಗೆರೆಯು ಮಾತ್ರ ಬಂದಿತು. ಆ ಗೆರೆಯು ಕೂಡಿಸುವದರ ಗುರುತು, ಕರಗಿಸುವದರ ಗುರುತಲ್ಲ. ಆದುದರಿಂದಲೇ 2025ರ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸಲು ಒಪ್ಪಿಗೆ ಕೊಡುವದು ಶಕ್ಯವಾಯಿತು. ಕೂಡಿಸಿದ್ದನ್ನು ಬಿಡಿಸಬಹುದು, ಕರಗಿದ್ದನ್ನು ಬಿಡಿಸಲಾಗದು.

8

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯಗಳು ಇವು. ಬಲದಿಂದ ವಶಪಡಿಸಿಕೊಂಡುದಕ್ಕೆ ‘ಖಾಲಸಾ’ ಅಥವಾ ‘ವಶ’ವೆಂದೂ, ಕೆಲವೇ ಅಧಿಕಾರಗಳನ್ನು ಒಪ್ಪಿಸಿದ್ದಕ್ಕೆ ‘ಸೇರ್ಪಡೆ’ಯೆಂದೂ, ಕರಾರಿನ ಮೂಲಕ ಸಂಪೂರ್ಣವಾಗಿ ಒಪ್ಪಿಸಿದ್ದಕ್ಕೆ ‘ವಿಲೀನ’ವೆಂದೂ, ಸಮಾನರಾಗಿ ಕೂಡಿದ್ದಕ್ಕೆ ‘ಏಕೀಕರಣ’ವೆಂದೂ ಬರೆಯುವದು ಯುಕ್ತ. ಇದು ಕೇವಲ ಶಬ್ದಶುದ್ಧಿಯ ಮಾತಲ್ಲ. ಶಬ್ದವು ಬದಲಾದರೆ ನಡೆದ ಸಂಗತಿಯೇ ಬೇರೆಯಾಗಿ ಕಾಣುವದೆಂಬುದಕ್ಕೆ ಕಿತ್ತೂರಿನ ಉದಾಹರಣೆಯೇ ಸಾಕು.

ಕೊನೆಯಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಪಟವರ್ಧನರ ಸಂಸ್ಥಾನಗಳ ದಫ್ತರವು ಬಹುಮಟ್ಟಿಗೆ ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿದೆ. ಕುಂದಗೋಳ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಮನೆತನಗಳಲ್ಲಿ ಇಂದಿಗೂ ಹಳೆಯ ಪೆಟ್ಟಿಗೆಗಳಲ್ಲಿ ಅಂಥ ಕಾಗದಗಳು ಉಂಟು. ಕನ್ನಡದ ವಿದ್ಯಾರ್ಥಿಗೆ ಮೋಡಿಯು ಬರುವದಿಲ್ಲ. ಮೋಡಿ ಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪ್ರತಿಯೊಂದು ಇತಿಹಾಸ ವಿಭಾಗದಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳಾದರೂ ಆ ಲಿಪಿಯನ್ನು ಕಲಿತರೆ ಈ ಪೆಟ್ಟಿಗೆಗಳು ತೆರೆಯುವವು. ಶ್ವೇತಕೇತುವಿಗೆ ಉಪ್ಪು ಕಣ್ಣಿಗೆ ಕಾಣಲಿಲ್ಲ. ತಂದೆಯು ಸವಿದು ನೋಡಲು ಹೇಳಿದುದರಿಂದಲೇ ಅದು ಇದೆಯೆಂದು ಅವನಿಗೆ ತಿಳಿಯಿತು. ಸವಿಯಬಲ್ಲವರು ಇಲ್ಲದಂತಾದರೆ 1948ರಲ್ಲಿ ವಿಲೀನವಾದವು ನಿಜವಾಗಿಯೂ, ಕನ್ನಡದ ಅರ್ಥದಲ್ಲಿಯೇ, ಕರಗಿಹೋಗುವವು.